ಡಿಸ್ಕ್ ಕಾಣುತ್ತಿಲ್ಲವೆಂದರೆ ಕೆಟ್ಟಿದೆಯೆಂದೇ ಅರ್ಥವೇ?

ಪ್ರಶ್ನೆ: ಮಗಳ ಬಿ.ಸಿ.ಎ. ಓದಿಗೆಂದು ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇವೆ. ಬೆಲೆ ಕಡಿಮೆಯೆಂದು ವಿಂಡೋಸ್ ಇಲ್ಲದ, ಅಂಗಡಿಯವರು ‘ಡಾಸ್ ಮಾಡೆಲ್’ ಎನ್ನುವ ಯಂತ್ರವನ್ನೇ ಆರಿಸಿದೆವು. ಇಂಟೆಲ್ ಐ5, 12ನೇ ತಲೆಮಾರಿನ ಪ್ರೊಸೆಸರ್. 512 ಜಿಬಿ ಎಸ್‌ಎಸ್‌ಡಿ ಡಿಸ್ಕ್. ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಲು ಹೋದರೆ, ಎಲ್ಲಿ ಇನ್‌ಸ್ಟಾಲ್ ಮಾಡಬೇಕೆಂದು ಕೇಳುವ ಪುಟದಲ್ಲಿ ಪಟ್ಟಿ ಖಾಲಿ ಇದ್ದು, ಯಾವ ಡ್ರೈವೂ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಪೇಟೆಯಲ್ಲಿ ತೋರಿಸಿದಾಗ ಎಸ್‌ಎಸ್‌ಡಿ ಹೋಗಿದೆ, ಬದಲಿಸಬೇಕು ಎಂದರು. ಹುಬ್ಬಳ್ಳಿಯ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕೇ? ನಮ್ಮಲ್ಲಿ ನೆಟ್‌ವರ್ಕ್ ಕಡಿಯುತ್ತಲೇ ಇರುವುದರಿಂದ ವಿಂಡೋಸ್ ಫೈಲಿನ ಡೌನ್‌ಲೋಡ್ ಕೂಡ ನಡುವೆ ನಿಂತು ಮುಂದುವರಿದಿತ್ತು, ದೋಷ ಅದರದ್ದಿರಬಹುದೇ?
– ಅಡಿಕೆ ಬೆಳೆಗಾರರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಹುಬ್ಬಳ್ಳಿಗೆ ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್2 ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ (ಕೆಲವು ಕಂಪನಿಗಳಲ್ಲಿ ಎಫ್10 ಅಥವಾ ಡಿಲೀಟ್) ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ತೆರೆದುಕೊಳ್ಳುತ್ತದೆ. ಅಲ್ಲಿನ ಮಾಹಿತಿ ಪುಟದಲ್ಲಿ ಎಸ್‌ಎಸ್‌ಡಿಯ ಹೆಸರೋ ಮಾದರಿ ಸಂಖ್ಯೆಯೋ ಕಂಡರೆ ಅದು ಬದುಕಿದೆ ಎಂದೇ ತಿಳಿಯಬಹುದು. ನಿಮ್ಮ ವಿವರಣೆಯನ್ನು ನೋಡಿದರೆ ಅದು ಕಾಣುವ ಸಂಭವವೇ ಹೆಚ್ಚು.

ಇಂಟೆಲ್ ಕಂಪನಿಯು ಮೊದಲು ಸರ್ವರ್‌ಗಳಲ್ಲಿ ಬಳಸುತ್ತಿದ್ದ ವಿಎಂಡಿ ಎಂಬ, ಡಿಸ್ಕ್‌ಗಳನ್ನು ನಿಭಾಯಿಸುವ ನಿಯಂತ್ರಕವನ್ನು 2020ರಲ್ಲಿ ಬಂದ 11ನೇ ತಲೆಮಾರಿನಿಂದ ಲ್ಯಾಪ್‌ಟಾಪ್‌ಗಳಿಗೂ ತಂದಿತು. ಇದು ಚಾಲೂ ಇರುವ ಯಂತ್ರದಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣದೆ ಆ ನಿಯಂತ್ರಕದ ಹಿಂದೆ ಇರುತ್ತದೆ. ಅದಕ್ಕೆ ಬೇಕಾದ ಡ್ರೈವರ್ (ಯಂತ್ರದ ಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದಾಗ, ಹೆಬ್ಬಾಗಿಲ ಕೀಲಿ ಇಲ್ಲದವನಿಗೆ ಒಳಗಿನ ಕೋಣೆಗಳು ಕಾಣದಂತೆ, ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಎಸ್‌ಎಸ್‌ಡಿ ಬದಲಿಸಿದ್ದರೆ ಹೊಸದೂ ಹೀಗೆಯೇ ಕಾಣದೆ ಉಳಿಯುತ್ತಿತ್ತು, ಹಣ ಮಾತ್ರ ಖರ್ಚಾಗುತ್ತಿತ್ತು. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಇಲ್ಲದಿರುವುದರಿಂದ, ಅಂಥವರು ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ನನ್ನ ಸಲಹೆ ಮೊದಲನೆಯದೇ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿ ಸಂಖ್ಯೆಯನ್ನು ಕೊಟ್ಟು, ಸ್ಟೋರೇಜ್ ವಿಭಾಗದಲ್ಲಿರುವ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ’ ಡ್ರೈವರನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ಹಲವರು ಎಡವುವುದು ಇಲ್ಲಿಯೇ: ಇಳಿಸಿದ ಸೆಟಪ್ ಫೈಲನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್ ಅದನ್ನು ಓದಲಾರದು. ಅದನ್ನು ಬಿಡಿಸಿ (ಎಕ್ಸ್‌ಟ್ರಾಕ್ಟ್ ಮಾಡಿ), ಒಳಗೆ ಐಎನ್ಎಫ್ ಎಂಬ ಕೊನೆಯುಳ್ಳ ಫೈಲುಗಳಿರುವ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ನಕಲಿಸಬೇಕು. ಬಳಿಕ ಆ ಖಾಲಿ ಪಟ್ಟಿಯ ಪುಟದಲ್ಲಿ ‘ಲೋಡ್ ಡ್ರೈವರ್’ ಒತ್ತಿ, ಬ್ರೌಸ್ ಮೂಲಕ ಆ ಫೋಲ್ಡರನ್ನು ತೋರಿಸಿ, ವಿಎಂಡಿ ಎಂಬ ಹೆಸರುಳ್ಳ ನಿಯಂತ್ರಕವನ್ನು ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಡಿಸ್ಕ್ ಪಟ್ಟಿಗೆ ಬರುತ್ತದೆ. ಅಳತೆ 512ರ ಬದಲು ಸುಮಾರು 476 ಜಿಬಿ ಎಂದು ಕಂಡರೆ ಅಂಗಡಿಯವರ ಮೇಲೆ ಅನುಮಾನ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೇ.

ಎರಡನೆಯ ದಾರಿ ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು. ಕೆಲವು ಏಸರ್ ಮಾದರಿಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. ‘ಮೇನ್’ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ನಿಮ್ಮದು ಖಾಲಿ ಯಂತ್ರವಾದ್ದರಿಂದ ಇದರಿಂದ ತೊಂದರೆಯಿಲ್ಲ. ಆದರೆ ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಪೂರ್ವಸಿದ್ಧತೆಯಿಲ್ಲದೆ ಇದನ್ನು ಬದಲಿಸಿದರೆ, ಬೂಟ್ ಮಾಡುವ ಡಿಸ್ಕ್ ಸಿಗುತ್ತಿಲ್ಲವೆಂಬ ನೀಲಿ ಪರದೆ ಬಂದು ನಿಲ್ಲುತ್ತದೆ.

ಡಿಸ್ಕ್ ಕಂಡ ಮೇಲೂ ಅದು ಎಂಬಿಆರ್ (ಡಿಸ್ಕನ್ನು ವಿಭಾಗಿಸುವ ಹಳೆಯ ಪದ್ಧತಿ) ಮಾದರಿಯದ್ದು, ಇಲ್ಲಿ ಇನ್‌ಸ್ಟಾಲ್ ಮಾಡಲಾಗದು ಎಂಬ ತಕರಾರು ಬರಬಹುದು. ಒಳಗೆ ನಿಮ್ಮ ಕಡತ ಯಾವುದೂ ಇಲ್ಲವೆಂಬುದು ಖಚಿತವಿದ್ದರೆ, ಆ ಡಿಸ್ಕಿನ ಪಾರ್ಟಿಷನ್‌ಗಳನ್ನೆಲ್ಲ (ವಿಭಾಗಗಳನ್ನೆಲ್ಲ) ಅಳಿಸಿ, ಉಳಿದ ಖಾಲಿ ಜಾಗವನ್ನೇ ಆರಿಸಿ ಮುಂದುವರಿಯಿರಿ. ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸುವ ಕೆಲಸವನ್ನು ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಕೂಡ ಇರುತ್ತದೆ, ಅದನ್ನು ಅಳಿಸದಂತೆ ಅಳತೆ ನೋಡಿಕೊಳ್ಳಿ.

ಇನ್ನು ಡೌನ್‌ಲೋಡ್ ವಿಷಯ. ನಡುವೆ ಕಡಿದ ಫೈಲಿನಿಂದ ತೊಂದರೆಯಾಗುವುದು ನಿಜ, ಆದರೆ ಅದು ಸಾಮಾನ್ಯವಾಗಿ ಫೈಲುಗಳು ನಕಲಾಗುವಾಗ ಅರ್ಧಕ್ಕೆ ನಿಲ್ಲುವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಖಾಲಿ ಪಟ್ಟಿಯಾಗಿ ಅಲ್ಲ. ಹಾಗಿದ್ದರೂ ಹಲವು ಜಿಬಿಯ ಫೈಲನ್ನು ಮಳೆಗಾಲದ ನೆಟ್‌ವರ್ಕಿನಲ್ಲಿ ಇಳಿಸಿದವರು ಒಮ್ಮೆ ತಾಳೆ ನೋಡುವುದು ಲೇಸು. ಮೈಕ್ರೋಸಾಫ್ಟ್ ತನ್ನ ಡೌನ್‌ಲೋಡ್ ಪುಟದಲ್ಲಿ ಕೊಡುವ ಎಸ್ಎಚ್ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು), ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್‌ನ ‘ಗೆಟ್-ಫೈಲ್‌ಹ್ಯಾಶ್’ ಆಜ್ಞೆ ತೋರಿಸುವ ಮೊತ್ತದೊಂದಿಗೆ ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಆ ಫೈಲು ಕೆಲಸಕ್ಕೆ ಬಾರದು. ಮುಂದೆ ವೈಫೈ ಡ್ರೈವರ್ ಇಲ್ಲದೆ ವಿಂಡೋಸ್ 11 ಇಂಟರ್ನೆಟ್ ಕೇಳಿ ನಿಂತರೆ, ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಜೋಡಿಸಿ ಫೋನಿನ ಇಂಟರ್ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರು ನಿಮ್ಮದಾದರೆ, ಈ ಕೆಲಸವನ್ನು ಪೇಟೆಯ ನೆಂಟರ ಮನೆಯಲ್ಲಿ ಮಾಡುವುದೇ ಸುಲಭ. ಡಾಸ್ ಯಂತ್ರದೊಂದಿಗೆ ವಿಂಡೋಸ್ ಪರವಾನಗಿ ಬಂದಿರುವುದಿಲ್ಲ, ಅದನ್ನು ಬೇರೆಯಾಗಿ ಕೊಳ್ಳಬೇಕೆಂಬುದು ಲೆಕ್ಕದಲ್ಲಿರಲಿ.

ಪ್ರಶ್ನೆ: ವಿಂಡೋಸ್ 11 ಇದ್ದ ಹೊಸ ಲ್ಯಾಪ್‌ಟಾಪ್‌ನಲ್ಲಿ ಜೊತೆಗೆ ಉಬುಂಟು (ಲಿನಕ್ಸ್) ಹಾಕಲೆಂದು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ರಕ್ಷಣೆಯನ್ನು ಆಫ್ ಮಾಡಿದೆ. ಉಬುಂಟು ಇನ್‌ಸ್ಟಾಲ್ ಆಗಲಿಲ್ಲ. ಈಗ ವಿಂಡೋಸ್ ಕೂಡ 48 ಅಂಕಿಗಳ ರಿಕವರಿ ಕೀ ಕೇಳುತ್ತಿದೆ.
– ವಿದ್ಯಾರ್ಥಿ, ಕಾರವಾರ

ಉತ್ತರ: ಮೊದಲು ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ, ಬಹಳ ಸಲ ಅಷ್ಟಕ್ಕೇ ವಿಂಡೋಸ್ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ, ಮೊದಲ ದಿನ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ ನೋಡಿ, ಕೀ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ. ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ನಾವು ಕೇಳದೆಯೇ ಚಾಲೂ ಆಗಿರುವುದರಿಂದ, ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಬಯೋಸ್ ಮುಟ್ಟಬಾರದು. ಉಬುಂಟು ನಿಂತದ್ದಕ್ಕೂ ಬಹುಶಃ ಬಿಟ್‌ಲಾಕರೇ ಕಾರಣ. ಚಾರ್ಜರ್ ಹಾಕಿಟ್ಟು, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ ಗೂಢಲಿಪೀಕರಣ ಪೂರ್ಣವಾಗಿ ತೆರವಾಗುವವರೆಗೆ ಕಾಯಿರಿ. ವಿಂಡೋಸ್ ಬೇಗ ತೆರೆಯಲೆಂದಿರುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲಿಸಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಸಿ ಡ್ರೈವ್ ಕುಗ್ಗಿಸಿ ಜಾಗ ಮಾಡಿ, ಆಮೇಲೆ ಉಬುಂಟು ಹಾಕಿ. ಉಬುಂಟು ಸೆಕ್ಯೂರ್ ಬೂಟ್ ಇದ್ದಂತೆಯೇ ನಡೆಯುತ್ತದೆ. ಎನ್‌ವಿಡಿಯಾ ಮುಂತಾದ ಹೊರಗಿನ ಡ್ರೈವರ್ ಆರಿಸಿಕೊಂಡರೆ ಮಾತ್ರ ಅದು ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ; ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದಾಗ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡನ್ನು ಕೊಡಿ.