ಮೈಮೇಲೆ ಎಚ್ಚರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬುದ್ಧನ ಧ್ಯಾನವನ್ನು ದಿನದ ಕೆಲಸದ ನಡುವೆ ಮಾಡುವುದು ಹೇಗೆ ಎಂದು ಕೇಳಿ ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಲ್ಲಿ 31 ವರ್ಷ ಲೇತ್ ಮೇಲೆ, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರದ ಮೇಲೆ, ಕೆಲಸ ಮಾಡಿದ ಟರ್ನರ್. ಮಾಡಿ ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಪ್ರಶ್ನೆ: ಸರ್, ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ತಿಂಡಿ, ಇಬ್ಬರು ಮಕ್ಕಳ ಡಬ್ಬಿ, ಅತ್ತೆಯವರ ಮಾತ್ರೆ, ಆಮೇಲೆ ಮೆಟ್ರೋ ಹಿಡಿದು ಬ್ಯಾಂಕು. ನಡುವೆ ಆ್ಯಪ್ ಹಾಕಿಕೊಂಡು ಹತ್ತು ನಿಮಿಷ ಧ್ಯಾನಕ್ಕೆ ಕೂರುತ್ತೇನೆ. ಒಂದು ನಿಮಿಷವೂ ಮನಸ್ಸು ಖಾಲಿ ಆಗುವುದಿಲ್ಲ. ಹೋದ ವಾರ ಕಣ್ಣು ಮುಚ್ಚಿ ಕೂತಿದ್ದಾಗ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಧ್ಯಾನ ನನ್ನಂಥವರಿಗಲ್ಲವೇನೋ? (ಹೆಸರು ಬೇಡ ಎಂದವರು, ವಿಜಯನಗರ)

ಉತ್ತರ: ಮನಸ್ಸು ಖಾಲಿ ಆಗಬೇಕು ಅಂತ ಯಾರು ಹೇಳಿದರು ತಾಯಿ? ಬುದ್ಧನಂತೂ ಹೇಳಿಲ್ಲ.

ಈ ಅಭ್ಯಾಸಕ್ಕೆ ಬುಡ ಸತಿಪಟ್ಠಾನ ಸುತ್ತ ಅನ್ನುವ ಉಪದೇಶ. ಕುರು ದೇಶದ ಕಮ್ಮಾಸಧಮ್ಮ ಅನ್ನುವ ಊರಿನಲ್ಲಿ ಬುದ್ಧ ಭಿಕ್ಷುಗಳಿಗೆ ಹೇಳಿದ್ದು. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ಹತ್ತನೆಯದು. ಅದರಲ್ಲಿ ಉಸಿರಿನ ವಿಷಯ ಬಂದಾಗ ಇಷ್ಟೇ ಇದೆ: ಉಸಿರು ಉದ್ದ ಇದ್ದರೆ ಉದ್ದ ಇದೆ ಅಂತ ತಿಳಿಯುವುದು, ಗಿಡ್ಡ ಇದ್ದರೆ ಗಿಡ್ಡ ಅಂತ ತಿಳಿಯುವುದು. ಉದ್ದ ಮಾಡು ಅಂತಿಲ್ಲ. ನಿಲ್ಲಿಸು ಅಂತಿಲ್ಲ. ಅದಕ್ಕೆ ಕೊಟ್ಟ ಹೋಲಿಕೆ ಯಾರದು ಗೊತ್ತಾ? ಮರ ಕಡೆಯುವವನದು. ಪಳಗಿದ ಕೆಲಸಗಾರನೋ ಅವನ ಶಿಷ್ಯನೋ, ಮರ ತಿರುಗಿಸುವ ಹಗ್ಗವನ್ನು ಉದ್ದ ಎಳೆದರೆ ಉದ್ದ ಎಳೆಯುತ್ತಿದ್ದೇನೆ ಅಂತ ತಿಳಿಯುತ್ತಾನಲ್ಲ, ಹಾಗೆ.

ಈ ಮಾತನ್ನು ನಾನು ಮೊದಲು ಕೇಳಿದ್ದು 1988ರಲ್ಲಿ, ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ. ಬೌದ್ಧ ಭಿಕ್ಷು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರು ಮಾಡಿದ ಜಾಗ ಅದು. ವಾರದ ರಜೆ ದಿನ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ನಡೆದು ಹೋಗುತ್ತಿದ್ದೆ. ಆವತ್ತು ಮೈ ಜುಂ ಅಂದಿತು. ಎರಡೂವರೆ ಸಾವಿರ ವರ್ಷದ ಹಿಂದೆ ಬುದ್ಧ ಕೈ ತೋರಿಸಿದ್ದು ನನ್ನ ಕಸುಬಿನವನ ಕಡೆಗೆ!

ಲೇತ್ ಮುಂದೆ ನಿಂತವನಿಗೆ ಲೋಕ ನಿಂತುಹೋಗುವುದಿಲ್ಲ. ಪಕ್ಕದ ಮಿಲ್ಲಿಂಗ್ ಮೆಷಿನ್ ಕೂಗುತ್ತಿರುತ್ತದೆ. ಟೀ ಹುಡುಗ ಬಂದಿರುತ್ತಾನೆ. ಎಲ್ಲ ಕೇಳಿಸುತ್ತದೆ. ಆದರೆ ಟೂಲ್ ಕಬ್ಬಿಣದ ಮೇಲೆ ಹರಿಯುವ ಸದ್ದಿನಲ್ಲಿ ಕಿವಿಯ ಒಂದು ಪಾಲು ಇದ್ದೇ ಇರುತ್ತದೆ. ಟೂಲ್ ಚೂಪಾಗಿದ್ದರೆ ಸದ್ದು ನುಣ್ಣಗೆ, ಒಂದೇ ಸಮ. ತುದಿ ಮೊಂಡಾದ ತಕ್ಷಣ ಅದರೊಳಗೆ ಸಣ್ಣ ಕಿರಿಕಿರಿ ಸೇರುತ್ತದೆ. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ, ಹ್ಯಾಂಡಲ್‌ನಲ್ಲಿ ನಡುಕ ಬರುತ್ತದೆ. ಮನಸ್ಸು ಮನೆಗೆ ಹೋಗುತ್ತದೆ, ವಾಪಸ್ ಬರುತ್ತದೆ. ಬಂದರೆ ಸರಿ.

ಒಮ್ಮೆ ಬರಲಿಲ್ಲ. ಮಗಳಿಗೆ ಎರಡು ದಿನದಿಂದ ಜ್ವರ. 25 ಮಿಲಿಮೀಟರ್ ಶಾಫ್ಟ್, ಕೊನೆಯ ಫಿನಿಶಿಂಗ್ ಕಟ್. ಕೈ ತನ್ನಷ್ಟಕ್ಕೆ ತಿರುಗಿಸಿತು, ನಾನು ಅಲ್ಲಿರಲಿಲ್ಲ. ಮೈಕ್ರೋಮೀಟರ್ ಹಿಡಿದು ನೋಡಿದರೆ 24.6. ತೆಗೆದ ಕಬ್ಬಿಣವನ್ನು ವಾಪಸ್ ಅಂಟಿಸೋಕೆ ಆಗುವುದಿಲ್ಲ. ಜಾಬ್ ರಿಜೆಕ್ಟ್ ಆಯಿತು. ನಿಮ್ಮ ಹಾಲಿನ ವಿಷಯ ಓದಿದಾಗ ನನಗೆ ನೆನಪಾದದ್ದು ಆ ಶಾಫ್ಟು.

ಬುದ್ಧನ ಉಪದೇಶಗಳಿರುವ ಪಾಲಿ ಭಾಷೆಯ ‘ಸತಿ’ ಅಂದರೆ ಸ್ಮೃತಿ, ನೆನಪು. ಮಾಡುತ್ತಿರುವುದನ್ನು ಮರೆಯದೆ ಇರುವುದು. ನಮ್ಮ ಕನ್ನಡದಲ್ಲಿ ಇದಕ್ಕೆ ಆಗಲೇ ಮಾತಿದೆ. ಮಗು ಎಡವಿದರೆ ಅಜ್ಜಿ ಗದರುವುದಿಲ್ಲವೇ, ‘ಮೈಮೇಲೆ ಎಚ್ಚರ ಇಲ್ವಾ?’ ಅಂತ. ಅದರ ಎದುರು ಮಾತು ಮೈಮರೆಯುವುದು. ಎರಡರಲ್ಲೂ ಮೈ ಇದೆ ನೋಡಿ. ಸತಿಪಟ್ಠಾನದಲ್ಲೂ ಮೊದಲು ಬರುವುದು ಮೈಯೇ. ಆಮೇಲೆ ವೇದನೆ ಅಂದರೆ ಹಿತ-ಅಹಿತದ ಅನುಭವ, ಚಿತ್ತ ಅಂದರೆ ಮನಸ್ಸು, ಧಮ್ಮ ಅಂದರೆ ಮನಸ್ಸಿಗೆ ಬರುವ ವಿಷಯಗಳು.

ಅಲ್ಲಿ ಕೂರುವುದರ ಮಾತಷ್ಟೇ ಇಲ್ಲ. ನಡೆಯುವಾಗ, ಕೈ ಮಡಚುವಾಗ, ಚಾಚುವಾಗ, ಬಟ್ಟೆ ಉಡುವಾಗ, ಅಗಿಯುವಾಗ, ಕುಡಿಯುವಾಗ, ಕಡೆಗೆ ಮಲಮೂತ್ರಕ್ಕೆ ಹೋದಾಗಲೂ ಅರಿವಿರಲಿ ಅಂತ ಬುದ್ಧ ಬಿಡಿಸಿ ಹೇಳಿದ್ದಾನೆ. ಅಂದಮೇಲೆ ಅಡುಗೆಮನೆ ಹೊರಗುಳಿಯುತ್ತದೆಯೇ?

ಹಾಗಾಗಿ ಒಂದು ತಿಂಗಳು ಹೀಗೆ ಮಾಡಿ. ಆ್ಯಪ್ ಬದಿಗಿಡಿ. ಅದು ಕೆಟ್ಟದ್ದು ಅಂತಲ್ಲ. ಆದರೆ ಕಿವಿಯಲ್ಲಿ ಯಾರೋ ಮಾತಾಡುತ್ತಲೇ ಇದ್ದರೆ ನಿಮ್ಮ ಉಸಿರಿನ ಸದ್ದು ನಿಮಗೆ ಕೇಳುವುದು ಕಷ್ಟ. ಬೆಳಗಿನ ಹಾಲು ಕಾಯಿಸುವುದನ್ನೇ ಧ್ಯಾನ ಮಾಡಿಕೊಳ್ಳಿ. ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಕತ್ತರಿಸುವಾಗ ಬೆರಳಿಗೆ ತಗಲುವ ತಣ್ಣನೆ ಗೊತ್ತಾಗಲಿ. ಒಲೆ ಹಚ್ಚಿದ ಮೇಲೆ ಅಲ್ಲೇ ನಿಲ್ಲಿ. ಅಂಗಾಲಿಗೆ ನೆಲ ತಣ್ಣಗಿದೆ, ಮುಖಕ್ಕೆ ಬಿಸಿ ಬರುತ್ತಿದೆ. ಮೊದಲು ಪಾತ್ರೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಆಮೇಲೆ ಮೇಲೆ ತೆಳ್ಳಗೆ ಕೆನೆ, ಅದು ಸುಕ್ಕುಗಟ್ಟುತ್ತದೆ. ನಡುವೆ ಒಂದು ಕಡೆ ಉಬ್ಬುತ್ತದೆ. ಅಷ್ಟರಲ್ಲಿ ಮನಸ್ಸು ಸ್ಕೂಲ್ ಫೀಸಿಗೆ ಓಡಿರುತ್ತದೆ. ‘ಯೋಚನೆ’ ಅಂತ ಒಳಗೇ ಹೆಸರಿಟ್ಟು, ಅಂಗಾಲಿಗೆ ವಾಪಸ್ ಬನ್ನಿ. ಹತ್ತು ಸಲ ಓಡಿದರೆ ಹತ್ತು ಸಲ ಬನ್ನಿ. ಓಡಿದ್ದು ಗೊತ್ತಾಯಿತಲ್ಲ, ಅದೇ ಎಚ್ಚರ. ಹಾಲು ಏಳುತ್ತಿದ್ದಂತೆ ಕೈ ಒಲೆ ಆರಿಸುತ್ತದೆ. ಆ ಕೈಯನ್ನೂ ನೋಡಿ.

ಇಷ್ಟೇ ಸಾಕು. ದೋಸೆ, ಡಬ್ಬಿ, ಮೆಟ್ರೋ ಎಲ್ಲದರಲ್ಲೂ ಎಚ್ಚರ ಇಡುತ್ತೇನೆ ಅಂತ ಹೊರಟರೆ ಮೂರೇ ದಿನಕ್ಕೆ ಸುಸ್ತಾಗುತ್ತದೆ. ಕೂರುವುದನ್ನೂ ಬಿಡಬೇಡಿ. ಒಲೆ ಹಚ್ಚುವ ಮೊದಲು ಐದು ನಿಮಿಷ ಕೂತರೆ ಒಳ್ಳೆಯದು.

ಪ್ರಶ್ನೆ: ನಮ್ಮದು ದಿನಾ ಇಷ್ಟಲಿಂಗ ಪೂಜೆ ಮಾಡುವ ಮನೆ. ಬೌದ್ಧರ ಧ್ಯಾನ ಮಾಡಿದರೆ ಧರ್ಮ ಬಿಟ್ಟ ಹಾಗಾಗುತ್ತದಾ? (ಓದುಗರು, ಯಲಹಂಕ)

ಉತ್ತರ: ಆಗುವುದಿಲ್ಲ. ಉಸಿರು ನೋಡಲು ಯಾವ ಧರ್ಮವನ್ನೂ ಬಿಡಬೇಕಾಗಿಲ್ಲ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜೊಂದರಲ್ಲಿ ರೋಗಿಗಳಿಗಾಗಿ ಇದನ್ನು ತರಬೇತಿಯಾಗಿ ಶುರು ಮಾಡಿದರು. ಅಲ್ಲಿ ಯಾರ ಧರ್ಮವೂ ಅಡ್ಡ ಬರಲಿಲ್ಲ. ಆದರೆ ಒಂದು ಮಾತು ಮುಚ್ಚಿಡಬಾರದು. ಬುದ್ಧ ಇದನ್ನು ಶೀಲದ ಜೊತೆಗೇ ಹೇಳಿದ್ದು. ಕೊಲ್ಲದೆ, ಕದಿಯದೆ, ಸುಳ್ಳಾಡದೆ ಬದುಕುವುದು ಪಕ್ಕಕ್ಕೆ ಹೋಗಿ ಬರೀ ಟೆನ್ಶನ್ ಕಡಿಮೆ ಮಾಡುವ ಉಪಾಯ ಆಗಿಬಿಟ್ಟರೆ ನನಗೆ ಬೇಸರವಾಗುತ್ತದೆ. ನಾಳೆ ಪೂಜೆಗೆ ಕೂತಾಗ ಲಿಂಗದ ಮೇಲೆ ನೀರು ಬೀಳುವುದನ್ನು ಪೂರ್ತಿ ನೋಡಿ.

ಪ್ರಶ್ನೆ: ದಿನಕ್ಕೆ ಹನ್ನೆರಡು ಗಂಟೆ ಕ್ಯಾಬ್ ಓಡಿಸುತ್ತೇನೆ. ಗೊರಗುಂಟೆಪಾಳ್ಯದ ಹತ್ತಿರ ಯಾರಾದರೂ ಅಡ್ಡ ನುಗ್ಗಿದರೆ ತಲೆ ಸಿಡಿಯುತ್ತದೆ. ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ರಾತ್ರಿ ಮಗನ ಮೇಲೂ ರೇಗುತ್ತೇನೆ. ಗಾಡಿಯಲ್ಲೇ ಧ್ಯಾನ ಮಾಡಬಹುದಾ ಸಾರ್? (ಓದುಗರು, ಕೆಂಗೇರಿ)

ಉತ್ತರ: ತಮ್ಮಾ, ಚಕ್ರ ಉರುಳುತ್ತಿರುವಾಗ ಉಸಿರು ಹುಡುಕಬೇಡಿ. ರಸ್ತೆ, ಕನ್ನಡಿ, ಬ್ರೇಕಿನ ಮೇಲಿನ ಕಾಲು, ಇವೇ ನಿಮ್ಮ ಧ್ಯಾನ. ಕಣ್ಣು ಮುಚ್ಚುವ ಮಾತೇ ಬೇಡ.

ಬುದ್ಧ ಎರಡು ಬಾಣದ ಮಾತು ಹೇಳಿದ್ದಾನೆ. ಒಂದು ಬಾಣ ತಾಗಿದವನಿಗೆ ನೋವಾಗುತ್ತದೆ. ಅದನ್ನೇ ನೆನೆದು ಒದ್ದಾಡಿದರೆ ಇನ್ನೊಂದು ಬಾಣ ಚುಚ್ಚಿದ ಹಾಗೆ. ಅವನು ಅಡ್ಡ ನುಗ್ಗಿದ್ದು ಗೊರಗುಂಟೆಪಾಳ್ಯದಲ್ಲಿ. ನೀವು ಯಶವಂತಪುರ ದಾಟಿದರೂ ‘ಇವನಿಗೆ ಲೈಸೆನ್ಸ್ ಕೊಟ್ಟವರು ಯಾರು’ ಅನ್ನುತ್ತಿದ್ದೀರಿ ಅಂದರೆ ಅದು ಎರಡನೆಯ ಬಾಣ. ಅದನ್ನು ಅವನು ಬಿಟ್ಟಿಲ್ಲ ಅಲ್ವಾ?

ಸಿಟ್ಟು ಬಾಯಿಗಿಂತ ಮೊದಲು ಮೈಗೆ ಬರುತ್ತದೆ. ದವಡೆ ಬಿಗಿಯುತ್ತದೆ, ಭುಜ ಮೇಲೇರುತ್ತದೆ, ಸ್ಟೇರಿಂಗ್ ಹಿಡಿತ ಜಾಸ್ತಿಯಾಗುತ್ತದೆ. ಕೆಂಪು ಸಿಗ್ನಲ್ ಬಿದ್ದಾಗ ಬೆರಳು ಎಷ್ಟು ಬಿಗಿದಿವೆ ನೋಡಿ. ಸಿಟ್ಟನ್ನು ಓಡಿಸಬೇಡಿ, ಬೈಯಬೇಡಿ. ಸಿಟ್ಟಿನ ಮನಸ್ಸನ್ನು ಸಿಟ್ಟಿನ ಮನಸ್ಸು ಅಂತ ತಿಳಿ ಎಂದಷ್ಟೇ ಸತಿಪಟ್ಠಾನ ಸುತ್ತದಲ್ಲಿದೆ. ರಾತ್ರಿ ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೆ ತಕ್ಷಣ ಇಳಿಯಬೇಡಿ. ಇಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತದಲ್ಲ, ಅದು ನಿಲ್ಲುವ ತನಕ ಸುಮ್ನೆ ಕೂತು ಉಸಿರು ನೋಡಿ. ಆಮೇಲೆ ಮಗನ ಹತ್ತಿರ ಹೋಗಿ.

ಪ್ರಶ್ನೆ: ಹೋದ ವರ್ಷ ಅಮ್ಮ ಹೋದರು. ಧ್ಯಾನಕ್ಕೆ ಕೂತರೆ ಎದೆ ಬಿಗಿದು ಅಳು ಬರುತ್ತದೆ. ಸರಿಯಾಗಿ ನಿದ್ದೆ ಬಂದು ಮೂರು ತಿಂಗಳಾಯಿತು. ಹತ್ತು ದಿನದ ಶಿಬಿರಕ್ಕೆ ಹೋದರೆ ಸರಿಹೋಗಬಹುದಾ? (ಹೆಸರು ಬೇಡ ಎಂದವರು, ಮತ್ತಿಕೆರೆ)

ಉತ್ತರ: ಈಗ ಬೇಡಮ್ಮ. ವಿಪಸ್ಸನ ಧ್ಯಾನ ಕಲಿಸಿದ ಗೋಯೆಂಕಾ ಗುರೂಜಿಯವರ ಪದ್ಧತಿಯ ಹತ್ತು ದಿನದ ಶಿಬಿರಕ್ಕೆ ನಾನು ಎರಡು ಸಲ ಹೋಗಿದ್ದೇನೆ. ತುಮಕೂರು ರಸ್ತೆ ಕಡೆಯ ಧಮ್ಮ ಪಫುಲ್ಲ ಕೇಂದ್ರದಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ. ನನಗೆ ತುಂಬಾ ಒಳ್ಳೆಯದಾಗಿದೆ. ಆದರೆ ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಮಾತಿಲ್ಲ, ಫೋನಿಲ್ಲ. ನಿದ್ದೆಯಿಲ್ಲದ, ದುಃಖ ಹಸಿಯಾಗಿರುವ ಮೈಗೆ ಅದು ಭಾರ.

ಮೊದಲು ಡಾಕ್ಟರಿಗೆ ತೋರಿಸಿ. ಎದೆ ಬಿಗಿತ ಏನು ಅಂತ ಅವರು ನೋಡಲಿ. ನಿದ್ದೆ ವಿಷಯಕ್ಕೆ ಮನೋವೈದ್ಯರ ಹತ್ತಿರ ಹೋಗಿ. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ. ರಾತ್ರಿ ತಡೆಯೋಕಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಲ್ಲಿಯ ತನಕ ಕಣ್ಣು ಮುಚ್ಚಿ ಕೂರುವುದನ್ನು ಬಿಡಿ. ಪಾರ್ಕಿನಲ್ಲಿ ಕಣ್ಣು ಬಿಟ್ಟುಕೊಂಡೇ ನಡೆಯಿರಿ. ಹಿಮ್ಮಡಿ ತಗಲಿತು, ಅಂಗಾಲು ತಗಲಿತು, ಬೆರಳು ತಗಲಿತು, ಅಷ್ಟು ತಿಳಿದರೆ ಸಾಕು. ಹತ್ತು ನಿಮಿಷ ಸಾಕು.

ನಮ್ಮಮ್ಮ ಹೋದಾಗ ನನಗೂ ಉಸಿರು ನೋಡಲು ಆಗಲಿಲ್ಲ. ಅವರ ಸ್ಟೀಲ್ ಲೋಟ ಒಂದಿತ್ತು, ಅಂಚಿನಲ್ಲಿ ಸಣ್ಣ ತಗ್ಗು. ದಿನಾ ಅದನ್ನು ತೊಳೆಯುತ್ತಿದ್ದೆ. ಹೆಬ್ಬೆರಳು ಆ ತಗ್ಗಿಗೆ ಬಂದಾಗ ಅಳು ಬರುತ್ತಿತ್ತು. ಅಳುತ್ತಲೇ ನೀರಿನ ತಣ್ಣನೆ ಗೊತ್ತಾಗುತ್ತಿತ್ತು. ಆರೇಳು ತಿಂಗಳು ಅದೊಂದೇ ನನ್ನ ಅಭ್ಯಾಸ.

ಡಾಕ್ಟರ್ ಏನು ಹೇಳಿದರು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.