ಕಾರ್ಟ್ ಪುಟದ ಸ್ಟೇಟ್: ಏಳರ ಬದಲು ಮೂರು ಸಾಕು

ನಮಸ್ಕಾರ. ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದ ನಿಮ್ಮ ಕಾರ್ಟ್ ಪುಟದ ಕೋಡನ್ನು ಪೂರ್ತಿ ಓದಿದೆ. ಅದರಲ್ಲಿ ಸ್ಟೇಟ್, ಅಂದರೆ ಪುಟ ನೆನಪಿಡುವ ಮೌಲ್ಯಗಳು, ಏಳಿವೆ: ಸಾಮಾನುಗಳ ಪಟ್ಟಿ, ಕೂಪನ್, ಒಟ್ಟು ಮೊತ್ತ, ಸಾಮಾನುಗಳ ಸಂಖ್ಯೆ, ಲೋಡಿಂಗ್, ಎರರ್, ಯಶಸ್ಸು. ಪ್ಲಸ್ ಬಟನ್ನನ್ನು ಬೇಗಬೇಗ ಎರಡು ಸಲ ಒತ್ತಿದರೂ ಸಾಮಾನಿನ ಸಂಖ್ಯೆ ಒಂದೇ ಏರುತ್ತದೆ, ಒಟ್ಟು ಮೊತ್ತ ಕ್ಷಣಕಾಲ ಹಳೆಯದನ್ನೇ ತೋರಿಸುತ್ತದೆ, ಇದಕ್ಕೆ ರಿಡಕ್ಸ್ (ಸ್ಟೇಟ್ ನೋಡಿಕೊಳ್ಳುವ ಪ್ರತ್ಯೇಕ ಲೈಬ್ರರಿ) ತರಬೇಕೇ ಎಂದು ಕೇಳಿದ್ದೀರಿ. ಇಷ್ಟಕ್ಕೆ ರಿಡಕ್ಸ್ ಬೇಡ.

ಒಟ್ಟು ಮೊತ್ತ ಮತ್ತು ಸಾಮಾನುಗಳ ಸಂಖ್ಯೆ ಎರಡೂ ಪಟ್ಟಿಯಿಂದಲೇ ಸಿಗುವಂಥವು. ಅವಕ್ಕೆ ಪ್ರತ್ಯೇಕ ಯೂಸ್‌ಸ್ಟೇಟ್ (ಒಂದು ಸ್ಟೇಟನ್ನು ಇಡುವ ಸೌಲಭ್ಯ) ಇಟ್ಟು, ಪಟ್ಟಿ ಬದಲಾದಾಗಲೆಲ್ಲ ಯೂಸ್‌ಎಫೆಕ್ಟ್‌ನಲ್ಲಿ (ರೆಂಡರ್ ಆದ ಮೇಲೆ ಓಡುವ ಕೋಡ್) ಸರಿಪಡಿಸುತ್ತಿರುವುದರಿಂದ, ಹೊಸ ಪಟ್ಟಿಯೂ ಹಳೆಯ ಮೊತ್ತವೂ ಸೇರಿ ಪುಟ ಒಮ್ಮೆ ರೆಂಡರ್ ಆಗಿ (ತೆರೆಗೆ ಬಂದು), ಆಮೇಲೆ ಸರಿಯಾದ ಮೊತ್ತದೊಂದಿಗೆ ಇನ್ನೊಮ್ಮೆ ಆಗುತ್ತದೆ. ಎರಡನ್ನೂ ಕಾಂಪೊನೆಂಟಿನೊಳಗೇ (ಪುಟವನ್ನು ರೂಪಿಸುವ ಫಂಕ್ಷನ್) ಸಾದಾ ವೇರಿಯಬಲ್‌ಗಳಾಗಿ ಲೆಕ್ಕಹಾಕಿ; ಹತ್ತಿಪ್ಪತ್ತು ಸಾಮಾನಿಗೆ, ಲೆಕ್ಕದ ಉತ್ತರವನ್ನು ನೆನಪಿಡುವ ಯೂಸ್‌ಮೆಮೊ ಕೂಡ ಅನಗತ್ಯ. ಲೋಡಿಂಗ್, ಎರರ್, ಯಶಸ್ಸು ಎಂಬ ಮೂರು ಬೂಲಿಯನ್‌ಗಳಿಗೆ (ಹೌದು ಇಲ್ಲವೇ ಅಲ್ಲ ಎಂಬ ಮೌಲ್ಯಗಳು) ಎಂಟು ಜೋಡಣೆಗಳು ಸಾಧ್ಯ, ನಿಮಗೆ ಅರ್ಥವುಳ್ಳವು ನಾಲ್ಕೇ: ಯಾವುದೂ ಇಲ್ಲದ್ದು, ಇಲ್ಲವೇ ಈ ಮೂರರಲ್ಲಿ ಒಂದು ಮಾತ್ರ. ಆ ನಾಲ್ಕನ್ನು ‘ಸ್ಟೇಟಸ್’ ಎಂಬ ಒಂದೇ ಸ್ಟ್ರಿಂಗಿನಲ್ಲಿ ಇಡಿ. ಪಟ್ಟಿ, ಕೂಪನ್, ಸ್ಟೇಟಸ್ ಎಂಬ ಮೂರು ಉಳಿಯುತ್ತವೆ.

ಪ್ಲಸ್ ಬಟನ್ನಿನ ತಪ್ಪು ಬೇರೆ ಬಗೆಯದು. ನಿಮ್ಮ ಫಂಕ್ಷನ್ ಸ್ಟಾಕ್ ಇದೆಯೇ ಎಂದು ಸರ್ವರನ್ನು ಕೇಳಿ, ಅವೇಟ್ (ಉತ್ತರಕ್ಕೆ ಕಾಯುವುದು) ಮುಗಿದ ಮೇಲೆ ಪಟ್ಟಿಯನ್ನು ಬರೆಯುತ್ತದೆ; ಆದರೆ ಅದರ ಕೈಯಲ್ಲಿರುವುದು ಒತ್ತಿದ ಹೊತ್ತಿನ ಪಟ್ಟಿ. ಮೊದಲ ಉತ್ತರ ಬರುವ ಮುನ್ನ ಎರಡನೆಯ ಸಲ ಒತ್ತಿದರೆ ಎರಡು ಕರೆಗಳಿಗೂ ಕಾಣುವ ಸಂಖ್ಯೆ 1, ಎರಡೂ ಬರೆಯುವುದು 2. ಸೆಟ್ಟರ್‌ಗೆ (ಸ್ಟೇಟ್ ಬದಲಿಸುವ ಫಂಕ್ಷನ್) ಸಿದ್ಧಪಟ್ಟಿಯ ಬದಲು, ಹಿಂದಿನ ಪಟ್ಟಿಯನ್ನು ಪಡೆದು ಹೊಸದನ್ನು ಹಿಂತಿರುಗಿಸುವ ಫಂಕ್ಷನ್ ಕೊಟ್ಟರೆ, ಎರಡನೆಯದು 2ನ್ನು ನೋಡಿ 3 ಮಾಡುತ್ತದೆ.

ಕಾರ್ಟ್ ಖಾಲಿಯಾದರೆ ಕೂಪನ್ನೂ ಹೋಗಬೇಕೆಂಬ ನಿಯಮವನ್ನು ನೀವು ಮೂರು ಕಡೆ ಬರೆದಿದ್ದೀರಿ. ಬದಲಾವಣೆಯ ನಿಯಮಗಳನ್ನೆಲ್ಲ ರಿಡ್ಯೂಸರ್ ಎಂಬ ಒಂದೇ ಫಂಕ್ಷನ್ನಿನಲ್ಲಿ ಇಡುವ ಯೂಸ್‌ರಿಡ್ಯೂಸರ್ ಒಪ್ಪುವುದು ಇಂಥಲ್ಲಿ, 2019ರ 16.8 ಆವೃತ್ತಿಯಿಂದ ಅದು ರಿಯಾಕ್ಟಿನಲ್ಲೇ ಇದೆ. ರಿಡ್ಯೂಸರಿಗೆ ಕಳಿಸುವ ಸೂಚನೆಗಳಾದ ಆಕ್ಷನ್‌ಗಳಿಗೆ ‘ಪಟ್ಟಿ ಬದಲಿಸು’ ಎನ್ನುವುದಕ್ಕಿಂತ ‘ಸಾಮಾನು ತೆಗೆದರು’, ‘ಕೂಪನ್ ಹಾಕಿದರು’ ಎಂದು ಬಳಕೆದಾರ ಮಾಡಿದ್ದನ್ನೇ ಹೆಸರಾಗಿ ಕೊಡಿ. ಸರ್ವರ್ ಕರೆ ರಿಡ್ಯೂಸರಿನ ಹೊರಗೇ ಇರಲಿ. ಒಳಗೆ ಹಳೆಯ ಆಬ್ಜೆಕ್ಟನ್ನು ತಿದ್ದಲೂಬೇಡಿ: ನಾನೊಮ್ಮೆ ಸಾಮಾನಿನ ಸಂಖ್ಯೆಗೆ ನೇರವಾಗಿ ಒಂದನ್ನು ಕೂಡಿಸಿ, ಒಂದು ಸಲ ಒತ್ತಿದರೆ ಎರಡು ಏರುವುದನ್ನು ಸಂಜೆಯೆಲ್ಲ ಹುಡುಕಿದ್ದೆ. ರಿಯಾಕ್ಟಿನ ತಪಾಸಣೆಯ ವ್ಯವಸ್ಥೆಯಾದ ಸ್ಟ್ರಿಕ್ಟ್‌ಮೋಡ್ ಇಂಥ ತಪ್ಪು ಹೊರಬೀಳಲೆಂದೇ ಡೆವಲಪ್‌ಮೆಂಟಿನಲ್ಲಿ ರಿಡ್ಯೂಸರನ್ನು ಎರಡು ಸಲ ಓಡಿಸುತ್ತದೆ. ನಾನೋ ಅದನ್ನೇ ಕಿತ್ತುಹಾಕಲು ಹೊರಟಿದ್ದೆ.

ಮೊದಲು ಮೊತ್ತದ ಎಫೆಕ್ಟನ್ನು ತೆಗೆದು, ಪ್ಲಸ್ ಬಟನ್ನನ್ನು ಸರಿಪಡಿಸಿ ನೋಡಿ. ರಿಡ್ಯೂಸರ್ ಬರೆದ ಮೇಲೆ ಎಲ್ಲಾದರೂ ಸಿಕ್ಕಿಕೊಂಡರೆ ಆ ಫಂಕ್ಷನ್ನನ್ನಷ್ಟೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.