ತಮ್ಮ ಆಲ್ಬಂನ ತಾವೇ ಬೈಯೋರ ಮಾತು ನಂಬೋದಾ?

ಪತ್ರಕ್ಕೆ ಥ್ಯಾಂಕ್ಸ್. ನಿಮ್ಮ ತಕರಾರು ಇಷ್ಟು: ಆಲ್ಬಂ ಬಂದಾಗ ಇದೇ ನನ್ನ ಬೆಸ್ಟ್ ಕೆಲಸ ಅಂತ ಇಂಟರ್‌ವ್ಯೂ ಕೊಡೋ ಸಂಗೀತಗಾರರು ವಿಮರ್ಶಕರು ಬೈದ ಮೇಲೆ ತಾವೂ ಅದನ್ನೇ ಬೈತಾರೆ, ಹತ್ತು ವರ್ಷ ಬಿಟ್ಟು ಮತ್ತೆ ಹೊಗಳ್ತಾರೆ, ಇಂಥವರ ಮಾತನ್ನ ಪುಟಗಟ್ಲೆ ಯಾಕೆ ಹಾಕ್ತೀರಿ ಅಂತ. ಕೋಪ ಅರ್ಥ ಆಗತ್ತೆ, ಆದ್ರೆ ಅವರು ಸುಳ್ಳು ಹೇಳ್ತಾರೆ ಅನ್ನೋದನ್ನ ನಾನು ಒಪ್ಪಲ್ಲ.

ಆಲ್ಬಂ ಈಗಷ್ಟೇ ಮುಗಿಸಿದವರಿಗೆ ಆ ಆಲ್ಬಂ ಕೇಳ್ಸೋದೇ ಇಲ್ಲ, ಅದು ತೊಂದರೆ. ಮಿಕ್ಸಿಂಗಲ್ಲಿ (ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಸದ್ದುಗಳನ್ನ ಹದವಾಗಿ ಸೇರ್ಸೋ ಕೆಲಸ) ಒಂದು ಸ್ನೇರ್ ಡ್ರಮ್ಮಿನ ಸದ್ದಿಗೇ ಅರ್ಧ ದಿನ ಹೋಗ್ಬಹುದು, ಅದೇ ಹಾಡು ದೊಡ್ಡ ಸ್ಪೀಕರಲ್ಲಿ, ಕಾರಲ್ಲಿ, ಇಯರ್‌ಫೋನಲ್ಲಿ, ದನಿ ಒಂಚೂರು ಮೇಲೆ, ಬೇಸ್ ಒಂಚೂರು ಕೆಳಗೆ, ಹಿಂಗೇ ವಾರಗಟ್ಲೆ. ನಮಗೆ ಹಾಡು ಕೇಳ್ಸತ್ತೆ, ಅವರಿಗೆ ಕೇಳ್ಸೋದು ಎರಡನೇ ಚರಣದ ಒಂದು ಸಾಲು ಬೇರೆ ಸಲ ಹಾಡಿದ ಟೇಕಿಂದ ತಂದು ಅಂಟಿಸಿದ್ದು, ಅದರ ಹಿಂದಿನ ಉಸಿರು ಸರಿಯಾಗಿ ಕೂತಿಲ್ಲ ಅನ್ನೋದು, ಆವತ್ತು ಡ್ರಮ್ಮರ್ ಜೊತೆ ಆದ ಜಗಳ. ಅಂಥ ಹೊತ್ತಲ್ಲಿ ಹೊರಗಿನವನೊಬ್ಬ ಚೆನ್ನಾಗಿಲ್ಲ ಅಂದ್ರೆ ನಂಬದೆ ಏನ್ ಮಾಡ್ತಾರೆ ಪಾಪ.

ಅಮೆರಿಕದ ರಾಕ್ ಬ್ಯಾಂಡ್ ವೀಜರ್‌ನ ಎರಡನೇ ಆಲ್ಬಂ ‘ಪಿಂಕರ್ಟನ್’ ತಗೊಳ್ಳಿ. 1994ರ ಮೊದಲ ಆಲ್ಬಂ ಭರ್ಜರಿ ಹಿಟ್. 1996ರ ಪಿಂಕರ್ಟನ್‌ಗೆ ಬ್ಯಾಂಡಿನ ಗಾಯಕ ರಿವರ್ಸ್ ಕ್ವೋಮೊ ತನ್ನ ಒಂಟಿತನ, ಪೇಚಾಟ ಎಲ್ಲಾ ಬಿಚ್ಚಿಟ್ಟು ಬರೆದ, ಹೊರಗಿನ ಪ್ರೊಡ್ಯೂಸರ್ ಇಲ್ದೆ ಬ್ಯಾಂಡೇ ಒರಟೊರಟಾಗಿ ರೆಕಾರ್ಡ್ ಮಾಡ್ತು. ವಿಮರ್ಶೆ ಮಿಶ್ರ, ಮಾರಾಟ ಮೊದಲನೇದರ ಹತ್ರಕ್ಕೂ ಬರ್ಲಿಲ್ಲ. 2001ರಲ್ಲಿ ಕ್ವೋಮೊನೇ ಅದನ್ನ ಅಸಹ್ಯ ಅಂತ ಜರೆದ. ಆ ವರ್ಷ ಬಂದ ಅವರ ಹೊಸ ಆಲ್ಬಂ ಕೇಳಿ ನೋಡಿ, ಹಾಡೆಲ್ಲ ಅಚ್ಚುಕಟ್ಟು, ಬರೆದ ಮನುಷ್ಯ ಮಾತ್ರ ಎಲ್ಲೂ ಸಿಗಲ್ಲ (ನನ್ನ ಅಭಿಪ್ರಾಯ, ಫ್ಯಾನ್ಸ್ ಜಗಳಕ್ಕೆ ಬರಬೇಡಿ). ಅಷ್ಟ್ರಲ್ಲಿ ಪಿಂಕರ್ಟನ್ ಕೇಳುಗರ ಬಾಯಿಂದ ಬಾಯಿಗೆ ದಾಟಿ ಬೆಳೀತು, 2004ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಐದಕ್ಕೆ ಐದು ಸ್ಟಾರ್ ಕೊಡ್ತು, 2010ರಲ್ಲಿ ಬ್ಯಾಂಡು ಇಡೀ ಆಲ್ಬಂನ ಸ್ಟೇಜ್ ಮೇಲೆ ನುಡಿಸ್ತು. ಬಿಚ್ಚಿಟ್ಟು ಬರೆದಾಗ, ಜರೆದಾಗ, ಮತ್ತೆ ಸ್ಟೇಜಿಗೆ ತಂದಾಗ, ಮೂರು ಸಲವೂ ಕ್ವೋಮೊ ಆಯಾ ಹೊತ್ತಿಗೆ ನಿಜವಾಗೇ ಇದ್ದ ಅನ್ಸತ್ತೆ ನನಗೆ.

ವಿಮರ್ಶಕರು ಯಾವತ್ತೂ ತಪ್ಪೊಪ್ಪಲ್ಲ ಅಂತಲೂ ಬರೆದಿದ್ದೀರಿ. ಒಪ್ಪಿದ್ದುಂಟು. 2003ರಲ್ಲಿ ಅಮೆರಿಕದ ಗಾಯಕಿ ಲಿಜ್ ಫೇರ್ ತನ್ನದೇ ಹೆಸರಿನ ಆಲ್ಬಂ ತಂದಾಗ, ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತದ) ಗಾಯಕಿ ರೇಡಿಯೋ ಪಾಪ್ ಕಡೆ ಹೋದ್ಲು ಅನ್ನೋ ಸಿಟ್ಟಿಗೆ ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ ಹತ್ತಕ್ಕೆ 0.0 ಹಾಕ್ತು. ಆ ವಿಮರ್ಶೆ ಬರೆದವನು 2019ರಲ್ಲಿ ಆಕೆಯ ಕ್ಷಮೆ ಕೇಳಿದ, 2021ರಲ್ಲಿ ಅದೇ ಪಿಚ್‌ಫೋರ್ಕ್ ಅಂಕ ತಿದ್ದಿ 6.0 ಮಾಡ್ತು. ಒಳ್ಳೇದೇ, ಆದ್ರೆ ಸೊನ್ನೆ ನೋಡಿ ಕೇಳ್ದೇನೇ ಬಿಟ್ಟವರು 18 ವರ್ಷ ಆದ್ಮೇಲೆ ವಾಪಸ್ ಬರ್ತಾರಾ? ಬೈಗುಳ ಬರಹದಲ್ಲಿದ್ರೆ ಓದಿ ಜಗಳ ಆಡಬಹುದು, ಅಂಕದ ಜೊತೆ ಏನಂತ ಜಗಳ ಆಡೋದು. ನಾವು ಸ್ಟಾರ್ ಹಾಕದೇ ಇರೋದು ಅದಕ್ಕೇ.

ಸರಿ, ರಿಲೀಸ್ ವಾರದ ಇಂಟರ್‌ವ್ಯೂ ಕಮ್ಮಿ ಮಾಡಿ ಹಳೇ ಆಲ್ಬಂಗಳ ಬಗ್ಗೆ ಮಾತಾಡ್ಸೋಣ, ಅದಕ್ಕೆ ರೆಡಿ. ಖಾರದ ವಿಮರ್ಶೆ ಮಾತ್ರ ನಿಲ್ಸಲ್ಲ. ಕಳೆದ ಸಂಚಿಕೆಯದು ಅನ್ಯಾಯ ಅನ್ಸಿದ್ರೆ ಯಾವ ಹಾಡು, ಎಲ್ಲಿ ಅಂತ ಹಿಡಿದು ಬರೆದು ಕಳ್ಸಿ, ಕತ್ತರಿ ಹಾಕದೆ ಪ್ರಿಂಟ್ ಮಾಡ್ತೀವಿ.